ಸೇತುವೆ ಬರುವವರೆಗಿನ ಸಿಟ್ಟು

ಎತ್ತಿನ ಬಾಯೊಳಗೆ ಮಣಿಕಟ್ಟಿನವರೆಗೂ ಕೈ ಇಳಿಸಿ, ಜೊಲ್ಲು ಸುರಿದರೂ ಆರಾಮವಾಗಿ ಹಲ್ಲು ಎಣಿಸುವ ಮನುಷ್ಯ, ಯಾರಾದರೂ ಪ್ರೀತಿಯಿಂದ ಕೈ ಹಿಡಿದರೆ ಕೆಂಡ ತಾಕಿದವರ ಹಾಗೆ ಹಿಂದಕ್ಕೆ ಸರಿಯುತ್ತಿದ್ದರು. ಆಮೇಲೆ ಆ ಕೈಯನ್ನು ಧೋತರಕ್ಕೆ ಮೂರು ಸಲ ಒರೆಸಿಕೊಳ್ಳುತ್ತಿದ್ದರು. ಎತ್ತಿನ ಜೊಲ್ಲು ಹಾಗೇ ಇದ್ದರೂ ನಡೆಯುತ್ತಿತ್ತು, ನಮ್ಮ ಬೆರಳಿನ ಗುರುತು ಮಾತ್ರ ಉಳಿಯಬಾರದು. ಅವರು ನನ್ನ ಸೋದರಮಾವ. ಮಾಮಾ ಅಂತ ಕರೆಯುತ್ತಿದ್ದೆ. ದನದ ದಲಾಲಿ ಕೆಲಸದಲ್ಲಿ ನನ್ನ ಗುರು, ಮತ್ತು ಮೂವತ್ತು ವರ್ಷ ನನ್ನ ತಲೆನೋವು.

ಕೊಂಕಲ್‌ನಿಂದ ಬರಿಗೈಲಿ ಯಾದಗಿರಿಗೆ ಬಂದ ನನ್ನನ್ನು ಮನೆಯಲ್ಲಿಟ್ಟುಕೊಂಡು ಕೆಲಸ ಕಲಿಸಿದವರು ಅವರೇ. “ಮೊದಲ ಎತ್ತಿನ ನಡಿಗಿ ನೋಡು, ಮಾಲಕನ ಮಾತು ಆಮ್ಯಾಲ ಕೇಳು” ಎನ್ನುತ್ತಿದ್ದರು. ಅದನ್ನು ಹೇಳುವಾಗಲೂ ನನ್ನ ಮುಖ ನೋಡುತ್ತಿರಲಿಲ್ಲ, ಅಂಗಿಯ ಎರಡನೆಯ ಗುಂಡಿ ನೋಡುತ್ತಿದ್ದರು. ಊಟಕ್ಕೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ದಿನಾ ಅದೇ. ಮದುವೆ ಮನೆಯಲ್ಲೂ ಚಟ್ನಿ ಕೇಳಿ ಬೀಗರ ಮುಂದೆ ನನ್ನ ಮರ್ಯಾದೆ ಕಳೆದಿದ್ದಾರೆ. ಬಸ್ಸಿನಲ್ಲಿ ಎಡಗಡೆ ಮೂರನೆಯ ಕಿಟಕಿ ಖಾಲಿ ಇಲ್ಲದಿದ್ದರೆ ಆ ಬಸ್ಸು ಬಿಡುವುದು, ಜೊತೆಗೆ ನಾನೂ ಬಿಸಿಲಲ್ಲಿ ನಿಲ್ಲುವುದು.

ದನದ ಸಂತೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೆ ಹಾಕುತ್ತೇವೆ. ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಬೆಲೆ ತಿಳಿಸುತ್ತೇವೆ. ಸುತ್ತ ನಿಂತ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಮಾತು ಮುಗಿಯುವ ಮೊದಲೇ ಕೈ ಎಳೆದುಕೊಂಡರೆ ಮಾತ್ರ ಕಷ್ಟ. ನಿನ್ನ ದನವೂ ಬೇಡ ನೀನೂ ಬೇಡ ಅಂತ ಎಲ್ಲರ ಮುಂದೆ ಅಂದ ಹಾಗೆ. ಆದ್ದರಿಂದ ಹಲ್ಲು ನೋಡುವ ಕೆಲಸ ಮಾಮಾನದು, ಬೆರಳಿನ ಕೆಲಸ ನನ್ನದು ಅಂತ ನಾವು ಹಂಚಿಕೊಂಡಿದ್ದೆವು.

ಒಂದು ಸಲ ನಾನು ಚಹಾ ಕುಡಿಯಲು ಹೋದಾಗ ಸುರಪುರದ ಕಡೆಯ ರೈತನೊಬ್ಬ ಮಾಮಾನ ಕೈಯನ್ನೇ ಹಿಡಿದು ಟವೆಲ್ ಮುಚ್ಚಿದ. ಮಾಮಾ ಕೈ ಕಿತ್ತುಕೊಂಡರು. ನಾನು ಬರುವಷ್ಟರಲ್ಲಿ ಆತ ಜೋಡಿ ಎತ್ತು ಬಿಚ್ಚಿಕೊಂಡು ಹೊರಟಿದ್ದ, ನಾನು ಕೈಕಾಲು ಹಿಡಿದರೂ ತಿರುಗಲಿಲ್ಲ. ಅಂಥ ಜೋಡಿ ನಾನು ಮತ್ತೆ ನೋಡಿಲ್ಲ. ಚಹಾದಂಗಡಿ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಬೈದೆ: “ಮನಷ್ಯಾರಂದ್ರ ನಿನಗ ಅಷ್ಟು ಹೇಸಿಗಿ ಆಗ್ತದೇನು?”

“ಹೇಸಿಗಿ ಅಲ್ಲ” ಅಂದರು, ನನ್ನ ಗುಂಡಿ ನೋಡುತ್ತ. ಮತ್ತೇನು ಅಂತ ನಾನು ಕೇಳಲಿಲ್ಲ. ನಾಲ್ಕು ಸಂತೆಗಳವರೆಗೆ ಮುಖ ತಿರುಗಿಸಿಕೊಂಡು ಓಡಾಡಿದೆ. ಅವರಿಗೆ ಅದರ ಖಬರೇ ಇದ್ದಂತೆ ಕಾಣಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು.

ಮೂರು ವರ್ಷದ ಹಿಂದೆ ಮಾಮಾನ ಮೊಮ್ಮಗಳಿಗೆ ಮಾತು ತಡವಾಯಿತೆಂದು ಕಲಬುರಗಿಗೆ ಕರೆದೊಯ್ದರು. ಡಾಕ್ಟರರು ಆಟಿಸಂ ಅಂದರು. ಕೂಸು ಅಜ್ಜನ ಪಕ್ಕ ಮಾತ್ರ ಸುಮ್ಮನೆ ಕೂರುತ್ತಿತ್ತು, ಹಾಗಾಗಿ ಪ್ರತಿ ಸಲ ಅಜ್ಜನೂ ಹೋಗಬೇಕಾಯಿತು. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆಯೇ, ಅಂಗಿಯ ಕಾಲರಿನ ಚೀಟಿ ಚುಚ್ಚುತ್ತದೆಯೇ, ಒಂದೇ ಊಟ ಬೇಡುತ್ತದೆಯೇ ಅಂತ ಡಾಕ್ಟರರು ಕೂಸಿನ ಬಗ್ಗೆ ಕೇಳಿದರೆ, ಮೂಲೆಯಿಂದ ಮಾಮಾ “ನನಗೂ ಹಂಗ ಆಗ್ತದ್ರಿ” ಅನ್ನುತ್ತಿದ್ದರಂತೆ. ಕೊನೆಗೆ ಅವರನ್ನೇ ಬೇರೆ ಕೂರಿಸಿ, ಮೂರ್ನಾಲ್ಕು ಸಲ ಕರೆಸಿ, ಚಿಕ್ಕಂದಿನದು ತಿಳಿಯಲು ಅವರ ಅಕ್ಕನನ್ನು, ಅಂದರೆ ನಮ್ಮವ್ವನನ್ನೂ ಕೇಳಿ, ಕಾಗದ ಬರೆದುಕೊಟ್ಟರು. ಐವತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ಮಾಮಾನಿಗೂ ಆಟಿಸಂ.

ನಾನು ವ್ಯಾಪಾರಸ್ಥ. ಔಷಧ ಇದೆಯೇನು ಅಂತ ಮಾಮಾನನ್ನು ಕೇಳಿದೆ. ಇದಕ್ಕೆ ಔಷಧವಿಲ್ಲ, ರೋಗವೂ ಅಲ್ಲವಂತೆ ಅಂದರು. ಮತ್ತೆ ಈ ವಯಸ್ಸಿನಲ್ಲಿ ಅದನ್ನು ಕಟ್ಟಿಕೊಂಡು ಏನು ಮಾಡುತ್ತೀ ಅಂದೆ.

“ಎಲ್ಲಾರೂ ನನಗ ಸೊಕ್ಕಿನಾಂವ ಅಂದ್ರು. ನಾನೂ ಹೌದೇನೋ ಅನ್ಕೊಂಡಿದ್ದೆ” ಅಂದರು. ಕಾಗದ ಮಡಿಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಸಂತೆಯಿತ್ತು. ‘ಆ ಮುದುಕ ನೋಡ್ಯಾನೇನು?’ ಅಂತ ಕೇಳಿ ಮಂದಿ ಎತ್ತು ಒಯ್ಯುತ್ತಿದ್ದರು. ನಮ್ಮಿಬ್ಬರ ಅನ್ನ ಆ ಒಂದು ನಂಬಿಕೆಯ ಮೇಲಿತ್ತು. ತಲೆ ಡಾಕ್ಟರ ಹತ್ತಿರ ತಿರುಗುತ್ತಾನೆ ಅಂತ ಸುದ್ದಿಯಾದರೆ ಅವರ ಮಾತನ್ನು ಯಾರು ನಂಬುತ್ತಾರೆ? ಸಂತೆಯಲ್ಲಿ ಇದರ ಸುದ್ದಿ ಎತ್ತಬೇಡ ಅಂತ ತಾಕೀತು ಮಾಡಿದೆ. ಯಾರಾದರೂ ಕೇಳಿದರೆ ಅಂದರು. ಯಾರೂ ಕೇಳುವುದಿಲ್ಲ ಅಂದೆ. ಅದು ನನ್ನ ತಪ್ಪು ಲೆಕ್ಕ.

ಮುಂದಿನ ವಾರ ಶಹಾಪುರದ ಸಂತೆಯಲ್ಲಿ ಮುದನಾಳದ ರೈತನೊಬ್ಬ ಜೋಡಿ ಕೊಳ್ಳಲು ಬಂದ. ಅವನ ಪರವಾಗಿ ನಾನು ಮಾರುವವನ ಜೊತೆ ಟವೆಲ್ ಕೆಳಗೆ ಕೈ ಸೇರಿಸಿದ್ದೆ. ರೈತ ಸುಮ್ಮನೆ ನಿಲ್ಲಲಾರದೆ ಮಾಮಾನನ್ನು ಚಾಷ್ಟಿ ಮಾಡಿದ: “ಏನ್ರಿ ಯಜಮಾನ್ರ, ಕಲಬುರಗಿಗಿ ಭಾಳ ತಿರಗಾಕತ್ತೀರಂತ. ಏನರ ಐಬು ಸಿಕ್ಕದೇನು?”

ಮಾಮಾ ಅವನ ಗುಂಡಿ ನೋಡಿದರು. “ಬಲಗಡಿ ಎತ್ತಿನ ಹಿಂಗಾಲಾಗ ಹಳೇ ಪೆಟ್ಟದ, ಥಂಡ್ಯಾಗ ಕಾಲು ಎಳೀತದ. ನನಗ ಆಟಿಸಂ ಅದ, ಹುಟ್ಟಿದಾಗಿಂದ. ಎರಡೂ ಹೇಳೀನಿ, ನೋಡಿ ತಗೋರಿ.”

ಟವೆಲ್ ಕೆಳಗೆ ಒತ್ತುತ್ತಿದ್ದ ಬೆರಳನ್ನು ಅಲ್ಲೇ ನಿಲ್ಲಿಸಿದೆ. ಹಂಗಂದ್ರೇನು ಅಂತ ರೈತ ಕೇಳಿದ. ಮಂದಿಯ ಮುಖ ನೋಡಿ ಮನಸ್ಸು ತಿಳಿಯುವುದಿಲ್ಲ, ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ ಅಂತ ಮಾಮಾ ಬಿಡಿಸಿ ಹೇಳಿದರು.

“ಎತ್ತಿನ ಮಾರಿ ತಿಳೀತದಲ್ಲ?”

“ತಿಳೀತದ.”

“ಮತ್ತ ನನಗೇನು ತ್ರಾಸ? ನಾ ಒಯ್ಯಾಕ ಬಂದದ್ದು ಎತ್ತಿಗಿ, ನಿಮಗಲ್ಲ” ಅಂದ ರೈತ. ಸುತ್ತಲಿದ್ದವರು ನಕ್ಕರು. ಪೆಟ್ಟಿನ ಮಾತು ಹಿಡಿದು ಚೌಕಾಸಿ ಮಾಡಿ ಅವನು ಜೋಡಿ ಹೊಡೆದುಕೊಂಡು ಹೋದ. ನಾನು ಮಾತ್ರ ಕುದಿಯುತ್ತಿದ್ದೆ. ಬಸ್ಸಿನಲ್ಲಿ ದೋರನಹಳ್ಳಿ ದಾಟಿದರೂ ಮಾತಾಡಲಿಲ್ಲ. ಆಗ ಮಾಮಾ ತಮ್ಮ ಮೂರನೆಯ ಕಿಟಕಿಯಿಂದ ತಿರುಗಿ ಕೇಳಿದರು.

“ಅಳಿಯಾ, ಸಿಟ್ಟಾಗೀಯೇನು? ನಿನ್ನ ಮಾರಿ ನೋಡಿ ನನಗ ತಿಳಿಯೂದಿಲ್ಲ. ಬಾಯಿಲೆ ಹೇಳು.”

ಮೂವತ್ತು ವರ್ಷ ನಾನು ಮುಖ ಗಂಟಿಕ್ಕಿದ್ದು, ಚರಿಗೆ ಕುಕ್ಕಿದ್ದು, ಬೆನ್ನು ತಿರುಗಿಸಿ ಉಂಡದ್ದು ಎಲ್ಲಾ ದಂಡ. ಒಂದೂ ಅವರಿಗೆ ಮುಟ್ಟಿರಲಿಲ್ಲ.

“ಹೌದು, ಸಿಟ್ಟಾಗೀನಿ.”

“ಎಷ್ಟೊತ್ತು ಇರ್ತದ?”

ಇದಕ್ಕೆ ಯಾರಾದರೂ ಏನು ಹೇಳಬೇಕು? “ಭೀಮಾ ಸೇತುವಿ ಬರೂತನಕ” ಅಂದೆ, ಬೇಸರಕ್ಕೆ. ಅವರು ತಲೆಯಾಡಿಸಿ ಕಿಟಕಿಯತ್ತ ತಿರುಗಿದರು. ಯಾದಗಿರಿ ಹತ್ತಿರ ಬಂತು. ಬಸ್ಸಿನ ಮುಂದಿನ ಗಾಲಿ ಸೇತುವೆ ಹತ್ತಿತೋ ಇಲ್ಲವೋ, “ಸೇತುವಿ ಬಂತು” ಅಂದರು.

ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ, ಹಿಂದೆಯೇ ಕೇಳಬೇಕಾಗಿದ್ದನ್ನು ಕೇಳಿದೆ. ಅವತ್ತು ಹೇಸಿಗೆ ಅಲ್ಲ ಅಂದಿದ್ದೆಯಲ್ಲ, ಮತ್ತೇನದು?

“ಯಾರರ ಮುಟ್ಟಿದ್ರ ಬರೇ ಮೈಮ್ಯಾಲ ಗೋಣಿಚೀಲ ತಿಕ್ಕಿದಂಗ ಆಗ್ತದ” ಅಂದರು. “ನೀ ಕೇಳಿರಲಿಲ್ಲ.”

ದೂರಿನ ದನಿಯಲ್ಲ, ಎತ್ತಿನ ಪೆಟ್ಟು ಹೇಳುವ ದನಿಯಲ್ಲೇ ಹೇಳಿದರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ನನ್ನ ಸಲಹೆ ಇಷ್ಟೇ: ಬೈಯುವ ಮೊದಲು ಒಂದು ಮಾತು ಕೇಳಿ. ನನಗೆ ಅದಕ್ಕೆ ಮೂವತ್ತು ವರ್ಷ ಬೇಕಾಯಿತು.

ಹೋದ ಬೇಸಿಗೆಯಲ್ಲಿ ಮಾಮಾ ಮಧ್ಯಾಹ್ನ ಎರಡು ರೊಟ್ಟಿ ಉಂಡು ಮಲಗಿದವರು ಏಳಲಿಲ್ಲ. ಯಾರಿಗೂ ಒಂದು ಮಾತು ಹೇಳಲಿಲ್ಲ. ಬಂದ ಬೀಗರು ಬಿಜ್ಜರೆಲ್ಲ ಅವರ ಕೈ ಹಿಡಿದು, ತಿಕ್ಕಿ, ಅಳತೊಡಗಿದರು. “ಕೈ ಬಿಡ್ರಿ, ಅವರಿಗಿ ಸೇರೂದಿಲ್ಲ” ಅಂದೆ. ನನಗೇ ಏನೋ ಆಗಿದೆ ಅಂತ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಅವರ ಎರಡೂ ಕೈ ಮೇಲೆ ಹೊದಿಸಿದೆ. ನನ್ನ ಕೈ ಒಳಗೆ ಹಾಕಲಿಲ್ಲ.

ಹೇಳದೆ ಹೋದರೆಂಬ ಸಿಟ್ಟು ನನಗೆ ಇನ್ನೂ ಇದೆ. ಮೊನ್ನೆ ಶಹಾಪುರದಿಂದ ಒಬ್ಬನೇ ಬರುತ್ತಿದ್ದೆ. ಎಡಗಡೆ ಮೂರನೆಯ ಕಿಟಕಿ ಸಿಗದೆ ಎರಡು ಬಸ್ಸು ಬಿಟ್ಟಿದ್ದೆ. ಗಾಲಿ ಸೇತುವೆ ಹತ್ತಿದಾಗ “ಸೇತುವಿ ಬಂತು” ಅಂತ ಬಾಯಿಬಿಟ್ಟು ಹೇಳಿದೆ. ಪಕ್ಕದಲ್ಲಿ ಕೂತವರು, ಇಲ್ಲೇ ಇಳೀತೀರೇನ್ರಿ ಅಂತ ಕೇಳಿ, ಕಾಲು ಮಡಚಿ ದಾರಿ ಬಿಟ್ಟರು.