ಅಣ್ಣನ ಮನೆಯ ಓರೆ ನೆಲ

ಕಂಟ್ರಾಕ್ಟರುಗಳು ಬೆನ್ನ ಹಿಂದೆ ಅವಳನ್ನು ‘ಬಿರುಕು ಮೇಡಂ’ ಎನ್ನುತ್ತಿದ್ದರು. ಅವಳಿಗದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಜೇಡಿಮಣ್ಣಿನ ಮೇಲೆ ಕಾಂಕ್ರೀಟ್ ಹಾಸು ಸುರಿದು ಕಟ್ಟಿದ ಮನೆಗಳು ಎಷ್ಟು ಓರೆಯಾಗಿವೆ, ಇನ್ನೆಷ್ಟು ಆಗಲಿವೆ ಎಂದು ಅಳೆದು ಹೇಳುವುದು ಅವಳ ಕೆಲಸ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇಷ್ಟು ತಲೆಗೆ ಹೋಗದ ಜನ ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಗೆದ್ದೆವೆಂದು ಬೀಗುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥವರಲ್ಲಿ ಮೊದಲನೆಯವನು ಅವಳ ಸ್ವಂತ ಅಣ್ಣ. ಮನೆ ಕಟ್ಟುವಾಗಲೇ ಅವಳು, “ಮಣ್ಣು ಪರೀಕ್ಷೆ ಮಾಡಿಸಣ್ಣ, ಅಡಿಪಾಯ ಗಟ್ಟಿಯಾಗಿರಲಿ” ಎಂದಿದ್ದಳು. “ನೆಲ ಅಂದ್ರೆ ನೆಲ ಕಣೇ, ಅದಕ್ಕೂ ಪರೀಕ್ಷೆಯಾ?” ಎಂದು ಅವನು ನಕ್ಕಿದ್ದ. ಸಾಲದ್ದಕ್ಕೆ ಪಡಸಾಲೆಯ ಗೋಡೆಗೆ ಅಂಟಿಕೊಂಡಂತೆ ಹುಲ್ಲುಹಾಸು ಬೆಳೆಸಿ, ಬಚ್ಚಲ ನೀರನ್ನೂ ಅದಕ್ಕೇ ಬಿಟ್ಟ.

ಒಂದು ಭಾನುವಾರ ಅಣ್ಣ ಊಟಕ್ಕೆ ಕರೆದ. ವರ್ಷಗಟ್ಟಲೆ ಕರೆಯದವನು ಕರೆದನಲ್ಲ ಎಂದು ಅವಳು ಖುಷಿಯಿಂದಲೇ ಹೋದಳು. ನೋಡಿದರೆ, ಸೋಫಾದ ಮೇಲೆ ಗುರುತಿಲ್ಲದ ಗಂಡ ಹೆಂಡತಿ.

“ಮನೆ ತಗೊಳ್ಳೋಕೆ ಬಂದಿದಾರೆ. ನನ್ನ ತಂಗೀನೇ ಇಂಜಿನಿಯರು ಸಾರ್! ಅಡಿಪಾಯ ಹೇಗಿದೆ ಅಂತ ಅವಳೇ ಹೇಳ್ಲಿ” ಎಂದು ಅಣ್ಣ ಹಲ್ಲು ಕಿರಿದ.

ಊಟದ ಮರ್ಮ ತಿಳಿಯಿತು. ಗೋಡೆಯಲ್ಲಿ ಹಸಿ ಬಣ್ಣದ ವಾಸನೆ. ಮೇಜಿನ ಎರಡು ಕಾಲಿಗೆ ಮಡಿಚಿದ ರಟ್ಟು. ಫ್ರಿಜ್ಜಿನ ಬಾಗಿಲು ತಾನಾಗಿ ತೆರೆಯದಂತೆ ಹಗ್ಗ.

“ಹೊಸ ಮನೆ ಅಲ್ವಾ, ಸ್ವಲ್ಪ ಕೂತ್ಕೊಳ್ಳುತ್ತೆ” ಎಂದ ಅಣ್ಣ.

“ಕೂತ್ಕೊಳ್ತಿಲ್ಲ, ಏಳ್ತಿದೆ” ಎಂದಳು. ಕಾರಿನಿಂದ ನೀರು ತುಂಬಿದ ಲೆವೆಲ್ ಪೈಪು ತಂದು ಒಂದು ತುದಿಯನ್ನು ಕೊಳ್ಳಲು ಬಂದವನ ಕೈಗೇ ಕೊಟ್ಟಳು. ಹುಲ್ಲಿನ ಕಡೆಯ ನೆಲ ಮೂರು ಬೆರಳಷ್ಟು ಮೇಲಿದೆಯೆಂದು ಪೈಪಿನೊಳಗಿನ ನೀರೇ ತೋರಿಸಿತು. ಅವನ ಹೆಂಡತಿ ಕೈಚೀಲ ಎತ್ತಿಕೊಂಡಳು.

ಅವರು ಹೋದದ್ದೇ ತಡ, ಅಣ್ಣ ಕೂಗಾಡಿದ. “ಒಡಹುಟ್ಟಿದೋಳಾಗಿ ನನ್ನ ವ್ಯವಹಾರಕ್ಕೆ ಕಲ್ಲು ಹಾಕಿದ್ಯಲ್ಲೇ!”

“ಕಲ್ಲು ಹಾಕ್ಬೇಕಿದ್ದದ್ದು ಅಡಿಪಾಯಕ್ಕೆ. ಆಗ ನೀನು ಹಾಕ್ಲಿಲ್ಲ.”

ಹಸಿದ ಹೊಟ್ಟೆಯಲ್ಲೇ ಹೊರಟಳು. ತಂಗಿಗೆ ಹೊಟ್ಟೆಕಿಚ್ಚು ಎಂದು ಅವನು ನೆಂಟರಲ್ಲೆಲ್ಲ ಸಾರಿಕೊಂಡು ಬಂದಾಗ ಅವಳು ‘ಥೂ’ ಎಂದಳು, ಅಷ್ಟೆ. ಚುಚ್ಚಿದ್ದು ಬೇರೆ. ಹುಟ್ಟಿದಾಗಿನಿಂದ ಒಮ್ಮೆಯೂ ಅವಳ ಬಗ್ಗೆ ಹೆಮ್ಮೆ ಪಡದವನು ಕಡೆಗೂ ಹೆಮ್ಮೆ ಪಟ್ಟದ್ದು ಇಂಥ ಸುಳ್ಳಿಗಾಗಿ.

ಒಂದು ವಾರದಲ್ಲಿ ಅತ್ತಿಗೆ ಫೋನು ಮಾಡಿದಳು. “ಅವರಿಗೆ ಹೇಳ್ಬೇಡ ಕಣೇ. ಮಲಗೋ ಕೋಣೇಲೂ ಗೋಡೆ ಬಾಯಿ ಬಿಡ್ತಿದೆ. ಏನು ಮಾಡ್ಲಿ?”

“ಹುಲ್ಲು ಕಿತ್ತು ಬಿಸಾಡ್ಸಿ ಅತ್ತಿಗೆ. ಬಚ್ಚಲ ನೀರು ಗೋಡೆಯಿಂದ ದೂರ ಹೋಗೋ ಹಾಗೆ ಮಾಡಿ.”

ಗಂಡ ಆಫೀಸಿಗೆ ಹೋದ ಹೊತ್ತಿನಲ್ಲಿ ಅತ್ತಿಗೆ ಆಳುಗಳನ್ನು ಕರೆಸಿ ಅಷ್ಟನ್ನೂ ಮಾಡಿಸಿಬಿಟ್ಟಳು. ಅವನು ಬಂದು ಬೋಳು ಮಣ್ಣಿನ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಅರಚಿ, ಗಂಟಲು ಕಟ್ಟಿದ ಮೇಲೆ ಒಳಗೆ ಹೋದ. ಬರಬರುತ್ತ ಉಬ್ಬಿದ ನೆಲ ಕೊಂಚ ಇಳಿಯಿತು, ಹೊಸ ಬಿರುಕು ಬರಲಿಲ್ಲ. ಆದ ಓರೆ ಮಾತ್ರ ಪೂರ್ತಿ ಹೋಗಲಿಲ್ಲ. ಮನೆ ಮಾರಾಟವಾಗದೆ ಅವನೇ ಅದರಲ್ಲಿ ಉಳಿದ. ಬಂದವರಿಗೆಲ್ಲ ಈಗ, ಆ ಉಪಾಯ ತನಗೇ ಹೊಳೆದದ್ದು ಎನ್ನುತ್ತಾನಂತೆ.

ಅತ್ತಿಗೆ ಅದನ್ನು ಹೇಳಿದಾಗ ‘ಬಿರುಕು ಮೇಡಂ’ ಮೂಗು ಮುರಿದಳು. “ಹೇಳ್ಕೊಳ್ಲಿ ಬಿಡಿ. ಮತ್ತೆ ಹುಲ್ಲು ನೆಡದಿದ್ರೆ ಸಾಕು.”