ಹಿಮ ಗೋರುವ ತಾತನ ಫೋಟೊ

ನನ್ನ ಹೆಂಡತಿಗೆ ಫೋಟೊ ಹುಚ್ಚು ಹಿಡಿದದ್ದು ನಾವು ಜಪಾನಿನ ಫುನಾಬೊರಿಗೆ ಬಂದು ನೆಲೆಸಿದ ಮೇಲೆ. ಮೈಸೂರಿನಲ್ಲಿದ್ದಾಗ ಹಬ್ಬದ ದಿನ ಫೋನಿನಲ್ಲಿ ಒಂದೆರಡು ತೆಗೆದರೆ ಹೆಚ್ಚು. ಇಲ್ಲಿ ಆಫೀಸಿನ ಗೆಳತಿಯರನ್ನು ನೋಡಿ ದೊಡ್ಡ ಕ್ಯಾಮೆರಾ ಕೊಂಡಳು. ಅದರ ಹಿಂದೆ ಲೆನ್ಸ್‌ಗಳು ಬಂದವು. ಅವನ್ನೆಲ್ಲ ಹೊರಲು ನಾನಿದ್ದೆ. ಹೊಸವರ್ಷದ ರಜೆಯಲ್ಲಿ ಬಿಸಿಬೇಳೆಬಾತ್ ತಿಂದು ಕಂಬಳಿ ಹೊದ್ದು ಮಲಗೋಣ ಎಂದುಕೊಂಡಿದ್ದ ನನ್ನನ್ನು, ಹಳೆಯ ಊರುಗಳನ್ನು ಚಳಿಗಾಲದಲ್ಲೇ ನೋಡಬೇಕು ಎಂದು ಎಳೆದುಕೊಂಡು ಹೊರಟಳು.

ಮೊದಲು ಕ್ಯೋಟೊ. ಅಲ್ಲಿ ಹಿಮ ಬೀಳಲಿಲ್ಲ. ಅದಕ್ಕೆ ನಾನೇ ಕಾರಣ ಎಂಬಂತೆ ಮುಖ ಊದಿಸಿಕೊಂಡಿದ್ದಳು. ಆಮೇಲೆ ಕಾನಾಜಾವಾ. ಅಲ್ಲಿ ಬೇಡವೆನ್ನುವಷ್ಟು ಬಿತ್ತು.

ಬೆಳಿಗ್ಗೆ ತಿಂಡಿಯೂ ಇಲ್ಲದೆ ಹಳೆಯ ಸಮುರಾಯ್ ಕೇರಿಗೆ ಹೋದೆವು. ಅಲ್ಲಿನ ಮಣ್ಣಿನ ಗೋಡೆಗಳಿಗೆ ಚಳಿಗಾಲದಲ್ಲಿ ಹುಲ್ಲಿನ ಚಾಪೆ ಹೊದಿಸುತ್ತಾರೆ. ಗೋಡೆಗಿರುವ ಭಾಗ್ಯ ನನಗಿರಲಿಲ್ಲ. ನನ್ನ ಬೂಟಿನೊಳಗೆ ನೀರು ಹೊಕ್ಕಿತ್ತು. ಕೇರಿಯ ತಿರುವಿನಲ್ಲಿ ವಯಸ್ಸಾದವರೊಬ್ಬರು ತಮ್ಮ ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಗೋರುತ್ತಿದ್ದರು.

“ರೀ, ಆ ತಾತ, ಆ ಗೋಡೆ, ಬೀಳ್ತಿರೋ ಹಿಮ... ಈ ಫ್ರೇಮ್‌ಗೇ ನಾನು ಬಂದಿದ್ದು” ಎಂದು ಪಿಸುಗುಟ್ಟಿ ಕ್ಯಾಮೆರಾ ಎತ್ತಿದಳು.

ತಾತ ನೋಡಿದರು. ತಾವು ಅಡ್ಡವಾದೆವೆಂದು ‘ಸುಮಿಮಾಸೆನ್’, ಕ್ಷಮಿಸಿ, ಎನ್ನುತ್ತಾ ಬಾಗಿ, ಗೇಟಿನ ಹಿಂದೆ ಸರಿದರು. ಇವಳು ಕ್ಯಾಮೆರಾ ಇಳಿಸಿದಳು. ಅವರು ಹೊರಬಂದರು. ಇವಳು ಎತ್ತಿದಳು. ಅವರು ಮತ್ತೆ ಒಳಗೆ. ಅವರು ಗೋರಿದಷ್ಟು ಜಾಗ ಅಷ್ಟರಲ್ಲಿ ಮತ್ತೆ ಬೆಳ್ಳಗಾಗಿತ್ತು.

“ಹೋಗಿ ಹೇಳ್ರೀ, ಅವರು ಅಲ್ಲೇ ಇರ್ಬೇಕು ಅಂತ.”

“ನಿಂಗೇ ಜಪಾನೀಸ್ ಚೆನ್ನಾಗ್ ಬರೋದು. ನೀನೇ ಹೇಳು.”

“ನಾನು ಕದಲಿದ್ರೆ ಆ್ಯಂಗಲ್ ಹೋಗುತ್ತೆ. ಹೋಗ್ರೀ.”

ಇಷ್ಟು ವರ್ಷ ಇದ್ದರೂ ನನ್ನ ಜಪಾನೀಸ್ ಕೊಂಬಿನಿ ಅಂಗಡಿಯಲ್ಲಿ ಚೀಲ ಬೇಡ ಎನ್ನುವಷ್ಟೇ. ಹೋಗಿ ‘ದೋಜೊ’ ಎಂದೆ, ನೀವು ಮುಂದುವರಿಸಿ ಎಂಬ ಅರ್ಥದಲ್ಲಿ. ಅವರು ನನ್ನ ಹೆಂಡತಿಯತ್ತ ಕೈತೋರಿ ‘ದೋಜೊ, ದೋಜೊ’ ಎಂದರು. ನಾನು ಮತ್ತೆ ಹೇಳಿದೆ. ಅವರೂ ಮತ್ತೆ ಹೇಳಿ ಬಾಗಿದರು. ಸಾಕಾಗಿ, ಹಿಮ ಗೋರುವಂತೆ ಕೈಯಾಡಿಸಿ ತೋರಿಸಿದೆ. ಅವರ ಮುಖ ಅರಳಿತು. ನನಗೆ ಗೋರುವ ಆಸೆಯಾಗಿದೆ ಎಂದು ತಿಳಿದು, ಎರಡೂ ಕೈಯಲ್ಲಿ ಸಲಿಕೆ ಹಿಡಿದು ನನಗೆ ಕೊಟ್ಟರು. ಹಾಗೆ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಗೋರತೊಡಗಿದೆ. ಒದ್ದೆ ಹಿಮ, ಕಲ್ಲಿನಷ್ಟು ಭಾರ.

“ರೀ, ನೀವ್ಯಾಕೆ ಫ್ರೇಮಲ್ಲಿ? ಪಕ್ಕಕ್ಕೆ ಬನ್ನಿ.”

ನನಗೆ ರೇಗಿಹೋಯಿತು. “ಬಂದು ನೀನೇ ಗೋರು. ಬೆಳಗ್ಗಿಂದ ಒಂದು ಟೀ ಇಲ್ಲ, ಕಾಲು ಮರಗಟ್ಟಿದೆ, ಈಗ ಊರೋರ ಮನೆ ಅಂಗಳ ಬೇರೆ.”

ಆ ಕೇರಿಯಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡಿರಲಾರರು. ಗಾಬರಿಗೊಂಡ ಅಜ್ಜಿಯೊಬ್ಬರು ಒಳಗಿನಿಂದ ಬಂದರು. ಕೊನೆಗೆ ನನ್ನ ಹೆಂಡತಿಯೇ ಬಂದು, ಬಾಗಿ, ಬೇಕಾದ್ದನ್ನು ಬಿಡಿಸಿ ಹೇಳಿದಳು. ಫೋಟೊ ತಮ್ಮದೇ ಎಂದು ತಿಳಿದದ್ದೇ ತಾತ ಒಳಗೆ ಹೋದರು. ಕಾದೆವು. ಬಂದಾಗ ಒಳ್ಳೆಯ ಕೋಟು, ಟೈ, ಬಾಚಿದ ತಲೆ. ಪಕ್ಕಕ್ಕೆ ಅಜ್ಜಿಯನ್ನೂ ಕರೆದು, ರೇಷನ್ ಕಾರ್ಡಿನ ಫೋಟೊಗೆ ನಿಂತಂತೆ ನೆಟ್ಟಗೆ ನಿಂತರು. ಹಿಮ ಬೀಳುವುದೂ ನಿಂತಿತ್ತು. ತಿರುವಿನಾಚೆಯಿಂದ ಬಾವುಟ ಹಿಡಿದ ಗೈಡ್ ಮತ್ತು ಆಕೆಯ ಪ್ರವಾಸಿಗಳ ತಂಡ ಬರುತ್ತಿತ್ತು.

ನನ್ನ ಹೆಂಡತಿ ಅದನ್ನೇ ತೆಗೆದಳು. ಅಜ್ಜಿ ನಮ್ಮಿಬ್ಬರ ಕೈಗೂ ಕಿತ್ತಳೆ ಹಣ್ಣು ಕೊಟ್ಟರು.

ಬಸ್ಸು ಹತ್ತಿ ಕೂತೆವು. ನಾನು ನನ್ನ ಹಣ್ಣು ಸುಲಿದು ತಿಂದೆ, ಅವಳಿಗೆ ಒಂದು ತೊಳೆಯನ್ನೂ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಕ್ಯಾಮೆರಾವನ್ನು ನನ್ನ ಮುಂದೆ ಹಿಡಿದಳು. ಅವರಿಬ್ಬರೂ ನೆಟ್ಟಗೆ ನಿಲ್ಲುವುದಕ್ಕೆ ಮುಂಚಿನ ಚಿತ್ರ ಅದು. ಅಜ್ಜಿ ತುದಿಗಾಲಲ್ಲಿ ನಿಂತು, ತಾತನ ಟೈ ಸರಿಮಾಡುತ್ತಾ ಏನೋ ಗದರುತ್ತಿದ್ದರು. ತಾತ ಆಕಾಶ ನೋಡುತ್ತಿದ್ದರು.

“ಇದು ಪರವಾಗಿಲ್ಲ ಅಲ್ವಾ?”

“ಪರವಾಗಿಲ್ಲ” ಎಂದೆ. “ಆದ್ರೆ ನಾಳೆ ತಿಂಡಿ ಆಗೋವರೆಗೂ ನಾನು ರೂಮ್ ಬಿಟ್ಟು ಬರಲ್ಲ.”

“ನಾಳೆ ತಕಾಯಾಮಾ. ಬಸ್ಸು ಬೆಳಗಾಗೋಕೆ ಮುಂಚೇನೇ ಇದೆ” ಎಂದಳು.