ತೀರ್ಥಪ್ಪ ತಟ್ಟಿದ ಬುರುಡೆ ಕಂಬ

ಸಿಂಗಟಗೆರೆಯ ತೀರ್ಥಪ್ಪ ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಸೂಲಗಿತ್ತಿಯನ್ನು ಮೇಲಿಂದ ಕೆಳಗೆ ನೋಡಿ, ಇವಳು ಸರಿಯಾದ ಮನೆಗೇ ಬಂದಿದ್ದಾಳೆಂದು ಖಾತ್ರಿ ಮಾಡಿಕೊಂಡ ಮೇಲೆ ಬಾಯಿ ತೆರೆದನಂತೆ. ದೊಡ್ಡವನಾದ ಮೇಲೂ ಅಷ್ಟೇ. ಕೆರೆ ಕೋಡಿ ಬಿದ್ದಿದೆ ಎಂದು ಊರೆಲ್ಲ ಕುಣಿಯುತ್ತಿದ್ದರೆ, ತಾನೇ ಹೋಗಿ ಕುತ್ತಿಗೆಯವರೆಗೆ ಮುಳುಗಿ ಎದ್ದು ಬಂದು, “ಇದ್ರೂ ಇರಬೌದು” ಎನ್ನುವ ಆಸಾಮಿ.

ಇದಕ್ಕೆ ಅವನ ಕೊಬ್ಬರಿ ಕಸುಬೂ ಕಾರಣ. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯೊಳಗೆ ಕೊಬ್ಬರಿ ಗಿಟಕಾಗಿ ಗಟ್ಟಿಯಾಗಿದೆಯೋ, ಕೊಳೆತು ಹೋಗಿದೆಯೋ ಎಂದು ಒಡೆಯದೆಯೇ ಹೇಳಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಬೆರಳ ಗೆಣ್ಣಿನಿಂದ ತಟ್ಟಬೇಕು, ಗಟ್ಟಿ ಸದ್ದು ಬಂದರೆ ‘ಗಿಟಕು’ ಎಂದು ಇಟ್ಟುಕೊಳ್ಳಬೇಕು, ಟೊಳ್ಳು ಸದ್ದು ಬಂದರೆ ‘ಬುರುಡೆ’ ಎಂದು ಪಕ್ಕಕ್ಕೆಸೆಯಬೇಕು. ಸುಳ್ಳಿಗೂ ನಮ್ಮಲ್ಲಿ ಬುರುಡೆಯೆಂದೇ ಹೆಸರಾದ್ದರಿಂದ ತೀರ್ಥಪ್ಪನಿಗೆ ಬೇರೆ ಮಾತೇ ಬೇಕಾಗಲಿಲ್ಲ. ತಟ್ಟಿ ತಟ್ಟಿ ಚಾಳಿ ಬಿದ್ದು, ಕಂಡದ್ದನ್ನೆಲ್ಲ ತಟ್ಟುತ್ತಿದ್ದ. ಕಡೂರು ಸಂತೆಗೆ ಅವನು ಬಂದನೆಂದರೆ ಬೋಳುತಲೆಯವರೆಲ್ಲ ಟವೆಲ್ ಸುತ್ತಿಕೊಳ್ಳುತ್ತಿದ್ದರು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವನ ಮಗಳು ದಾಕ್ಷಾಯಿಣಿಗೆ ಮೈಸೂರಿನಿಂದ ಸಂಬಂಧ ಬಂತು. ಹುಡುಗ ಬಂದು ನೋಡಿದ, ಹುಡುಗಿಯೂ ಒಪ್ಪಿದಳು. ಉಳಿದದ್ದು, ಹೆಣ್ಣು ಕೊಡುವವರು ಹೋಗಿ ಗಂಡಿನ ಮನೆ ನೋಡಿ ಬರುವ ಶಾಸ್ತ್ರ. ಊರಿಗೆ ಅದು ಶಾಸ್ತ್ರ, ತೀರ್ಥಪ್ಪನಿಗೆ ತನಿಖೆ. ಇರುವ ಒಬ್ಬ ಮಗಳನ್ನು ಬುರುಡೆ ಮನೆಗೆ ಕೊಟ್ಟರೆ ಅಟ್ಟದ ಮೇಲಿನ ಕಾಯಿಗಳೂ ನಗುತ್ತವೆಂದು ಅವನಿಗೆ ನಿದ್ದೆ ಬರಲಿಲ್ಲ.

ಹೆಂಡತಿ ಕರಿಬಸಮ್ಮನ ಜೊತೆ ಮೈಸೂರಿನಲ್ಲಿ ರೈಲಿಳಿದಾಗ, ಸಂಬಂಧ ತಂದ ಅಜ್ಜಂಪುರದ ಬಸವರಾಜಪ್ಪನೂ ಇದ್ದ. ಟೆಂಟಿನಲ್ಲಿ ಸಿನಿಮಾ ನೋಡಿ ನೋಡಿ, ಕಣ್ಣು ಮುಚ್ಚಿದರೂ ಇವನ ರೆಪ್ಪೆಯ ಒಳಗಡೆ ಹಾಡು ಓಡುತ್ತಿತ್ತು.

“ಗಂಡಿನ ಮನೆ ಎಲ್ಲೂ ಓಡೋಗಲ್ಲ ಕಣಣ್ಣ. ಮೊದ್ಲು ಸಿನಿಮಾ ತೆಗ್ದಿರೋ ಜಾಗ ನೋಡಾಣ” ಎಂದು ನೇರ ಅರಮನೆಗೆ ಎಳೆದುಕೊಂಡು ಹೋದ. “ಇಲ್ಲೇ ರಾಜನ ಪಾರ್ಟಿನೋನು ಆನೆ ಮೇಲಿಂದ ಇಳ್ದಿದ್ದು.”

“ಆನೆ ದಿಟದ್ದೋ?”

“ದಿಟದ್ದೇ.”

“ತಟ್ಟಿ ನೋಡ್ದೋರು ಯಾರು?”

ಬಸವರಾಜಪ್ಪ ಅಲ್ಲಿಂದ ಬೆಟ್ಟದ ಬುಡಕ್ಕೆ ಕರೆದೊಯ್ದ. ಅಲ್ಲೊಂದು ದೇವಸ್ಥಾನ ಕಂಡು ಕರಿಬಸಮ್ಮ ಕೈ ಮುಗಿದಳು. ತೀರ್ಥಪ್ಪ ಗೋಡೆ ತಟ್ಟಿದ. ಡಬ್ ಎಂದಿತು. ಸುತ್ತಿ ಹೋಗಿ ನೋಡಿದರೆ ಹಿಂದೆ ಬಿದಿರಿನ ಕೋಲುಗಳು, ಗೋಣಿತಾಟು. ಒಂದು ಮೇಕೆ ಆರಾಮಾಗಿ ಗೋಪುರ ತಿನ್ನುತ್ತಿತ್ತು.

“ಬುರುಡೆ” ಎಂದ ತೀರ್ಥಪ್ಪ.

“ಇದಕ್ಕೆ ಸೆಟ್ ಅಂತಾರೆ ಕಣಣ್ಣ. ಸಿನಿಮಾದಲ್ಲಿ ಮನೆಗಳೂ ಹಿಂಗೇ. ಮುಂದೆ ಬಂಗ್ಲೆ, ಹಿಂದೆ ಬಯಲು.”

“ಮನೆಗಳೂನಾ?” ಎಂದು ತೀರ್ಥಪ್ಪ ಬೆರಳ ಗೆಣ್ಣು ಉಜ್ಜಿಕೊಂಡ.

ಗಂಡಿನ ಮನೆ ಮಹಡಿಯದು, ಸಾಲು ಕಂಬದ ಪಡಸಾಲೆಯದು. ಹುಡುಗನ ತಂದೆ, ದಿನಸಿ ವ್ಯಾಪಾರದ ಜಯದೇವಪ್ಪ, ಬಾಗಿಲಲ್ಲೇ ಕೈ ಮುಗಿದರು. “ಬನ್ನಿ ಬೀಗರೇ. ಹೋದ ವರ್ಷ ನಮ್ಮನೇಲೂ ಶೂಟಿಂಗ್ ನಡೀತು ಕಣ್ರೀ.”

ಹೊಸ್ತಿಲ ಮೇಲಿಟ್ಟ ಕಾಲು ಅಲ್ಲೇ ನಿಂತಿತು. ತೀರ್ಥಪ್ಪ ಬಾಗಿಲು ತಟ್ಟಿದ, ಗಟ್ಟಿ. ಗೋಡೆ ತಟ್ಟಿದ, ಗಟ್ಟಿ. ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಇಣುಕಿ ಒಲೆಯ ಮೇಲಿನ ಮಸಿಯನ್ನು ಬೆರಳಿಂದ ಒರೆಸಿ ನೋಡಿದ.

“ಮಸಿ ಐತಲ್ಲ, ಸಾಲ್ದಾ?” ಎಂದು ಕರಿಬಸಮ್ಮ ಪಿಸುಗುಟ್ಟಿದಳು.

“ಬಳ್ದಿರಬೌದು.”

ಹಿಂದೆ ಬಯಲಿದೆಯೋ ಎಂದು ಹಿತ್ತಿಲಿಗೆ ಹೋದ. ಬಾವಿಯಿತ್ತು. ಕಲ್ಲು ಹಾಕಿದ, ಬುಳುಕ್ ಎಂದಿತು. “ಬೆಳಗ್ಗೆ ತುಂಬ್ಸಿರಬೌದು.”

“ಬಾವೀನಾ?” ಎಂದು ಕರಿಬಸಮ್ಮ ಹಣೆ ಚಚ್ಚಿಕೊಂಡಳು.

ಪಡಸಾಲೆಗೆ ಉಪ್ಪಿಟ್ಟು ಬಂತು. ತಿನ್ನುತ್ತಲೇ ತೀರ್ಥಪ್ಪ ಎಡಗೈಯಿಂದ ಪಕ್ಕದ ಕಂಬ ತಟ್ಟಿದ. ಡಬ್. ಇನ್ನೊಮ್ಮೆ ತಟ್ಟಿದ. ಆಳೆತ್ತರದ ಎರಡರಷ್ಟಿದ್ದ ಕಂಬ ಮೆಲ್ಲಗೆ ವಾಲಿ, ಯೋಚನೆ ಮಾಡಿದಂತೆ ಒಂದು ಕ್ಷಣ ನಿಂತು, ಉಪ್ಪಿಟ್ಟಿನ ತಟ್ಟೆಗಳ ಮೇಲೆ ಬಿತ್ತು. ಒಳಗೆ ಹಲಗೆ, ಹೊರಗೆ ಬಣ್ಣ.

ತೀರ್ಥಪ್ಪ ಕೈ ಒರೆಸಿಕೊಂಡು ಎದ್ದ. “ಏಳೇ. ಮನೆ ಬುರುಡೆ. ದಾಕ್ಷಾಯಿಣಿನ ಇಲ್ಲಿಗೆ ಕೊಡಲ್ಲ.”

ಸದ್ದಿಗೆ ಒಳಗಿಂದ ಹುಡುಗನ ತಾಯಿ ವಿಶಾಲಾಕ್ಷಮ್ಮ ಬಂದರು. ನೆಂಟರು ನಿಂತಿರುವುದೂ ಅವರ ಕಣ್ಣಿಗೆ ಬೀಳಲಿಲ್ಲ, ಗಂಡ ಮಾತ್ರ ಕಂಡರು.

“ಬಡ್ಕೊಂಡೆ, ಶೂಟಿಂಗ್‌ನೋರು ಬಿಟ್ಟೋದ ಕಂಬ ಒಲೆಗೆ ಹಾಕ್ರಿ ಅಂತ. ಅಂದವಾಗಿದೆ ಇರ್ಲಿ ಅಂದ್ರಿ. ನಿಮ್ಮಪ್ಪ ನಿಲ್ಸಿದ ನಾಲ್ಕು ಕಂಬ ಸಾಲ್ದಾಗಿತ್ತೇನ್ರೀ ನಿಮ್ಗೆ? ನಾನು ಈ ಮನೆಗೆ ಕಾಲಿಟ್ಟಾಗಿಂದ ಅಡುಗೆಮನೆ ಮಾಡು ಸೋರ್ತಿದೆ. ಅದನ್ನ ಹತ್ತಿ ನೋಡಕ್ಕೆ ಪುರುಸೊತ್ತಿಲ್ಲ, ಬುರುಡೆ ಕಂಬಕ್ಕೆ ವಾರ ವಾರ ಧೂಳು ಹೊಡೀತೀರಿ. ನಿಮ್ಮಮ್ಮ ಇದ್ದಾಗ್ಲೂ ಅಷ್ಟೇ…”

ಅತ್ತೆ, ಮಾವ, ಮಾಡು, ಕಿಟಕಿ, ಹಿತ್ತಿಲ ಮೋರಿ, ಒಂದನ್ನೂ ಬಿಡದೆ ಬೈಗುಳ ಹರಿಯಿತು. ಅದಕ್ಕೆ ಭದ್ರಾ ಕಾಲುವೆಯೂ ದಾರಿ ಬಿಡಬೇಕು. ಜಯದೇವಪ್ಪ ತಲೆ ತಗ್ಗಿಸಿ ಉಪ್ಪಿಟ್ಟಿನಿಂದ ಬಣ್ಣದ ಚಕ್ಕೆ ಆರಿಸುತ್ತಿದ್ದರು. ಆ ತಗ್ಗಿದ ತಲೆಯೂ ಹೊಸದಾಗಿ ಕಲಿತದ್ದಲ್ಲ.

ತೀರ್ಥಪ್ಪ ಕುತ್ತಿಗೆ ವಾರೆ ಮಾಡಿದ, ಕಾಯಿ ಅಲ್ಲಾಡಿಸುವಾಗ ಮಾಡುವಂತೆ. ಕೊನೆಯವರೆಗೂ ಕೇಳಿದ. ಇಷ್ಟು ವರ್ಷ ಒಣಗಿ ಗಟ್ಟಿಯಾದ ಜಗಳವನ್ನು ಯಾವ ಸಿನಿಮಾದವನೂ ಬಾಡಿಗೆಗೆ ತರಲಾರ. ಸೋರುವ ಮಾಡಿಗೆ ಇಷ್ಟು ಸಂಕಟಪಡುವವಳು ಆ ಮನೆಯವಳೇ ಇರಬೇಕು.

“ಕೂತ್ಕೊಳೇ” ಎಂದ ಹೆಂಡತಿಗೆ. “ಇದು ಗಿಟಕು.”

“ದಾಕ್ಷಾಯಿಣಿಗೂ ಹಿಂಗೇ ಬೈದ್ರೆ?” ಕರಿಬಸಮ್ಮ ಸೆರಗು ಬಾಯಿಗೆ ಹಿಡಿದು ಕೇಳಿದಳು.

“ಅವ್ಳು ನಿನ್ ಮಗಳು. ಹೆದರ್ಬೇಕಾದೋರು ಇವ್ರು ಕಣೇ.”

ಬಸವ ಜಯಂತಿ ಕಳೆದ ಮೇಲೆ ಲಗ್ನವೆಂದು ಮಾತಾಯಿತು. ವಿಶಾಲಾಕ್ಷಮ್ಮ ಕಂಬವನ್ನು ಎಳೆದುಕೊಂಡು ಹೋಗಿ ಕಡೆಗೂ ಒಲೆಗೆ ಹಾಕಿದರು. ಅದರ ಉರಿಯಲ್ಲಿ ಕಾಸಿದ ಕಾಫಿ ಬಂತು. ತೀರ್ಥಪ್ಪ ಲೋಟ ತಟ್ಟಿ ನೋಡಿ, ಆಮೇಲೆ ಕುಡಿದ.